ಬ್ರೇಕರ್ ಹಿಡಿದ ಕೈ

ಆ ಯಂತ್ರದ ಸದ್ದನ್ನು ನಾನು ಈಗಲೂ ಸಹಿಸಲಾರೆ. ಮೊನ್ನೆ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಕಾಂಕ್ರೀಟು ಒಡೆಯಲು ಶುರುಮಾಡಿದಾಗ ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಕುಳಿತೆ. ಪಕ್ಕದ ಮನೆಯ ಹುಡುಗಿ ಬಂದು, ದೂಳಿಗೆ ಹೆದರಿದಿರಾ ಅಜ್ಜಿ ಎಂದು ತಮಿಳಿನಲ್ಲಿ ಕೇಳಿದಳು. ಹೌದು ಎಂದೆ. ದೂಳಾಗಿದ್ದರೆ ಒರೆಸಿ ಎಸೆಯುತ್ತಿದ್ದೆ. ಅವಳಿಗೆ ಉಳಿದದ್ದನ್ನು ಹೇಳುವಷ್ಟು ತಾಳ್ಮೆ ನನಗಿಲ್ಲ, ಕೇಳುವಷ್ಟು ಪುರುಸೊತ್ತು ಅವಳಿಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಮದರಾಸಿಗೆ ಬಂದದ್ದು ಐವತ್ತರ ದಶಕದಲ್ಲಿ. ಪ್ಯಾರೀಸ್ ಕಾರ್ನರಿನ ಹತ್ತಿರದ ಒಂದು ಅಡ್ಡಬೀದಿಯಲ್ಲಿ ನನ್ನ ಅಣ್ಣನ ಹೋಟೆಲಿತ್ತು. ಕುಂದಾಪುರದ ಕಡೆಯಿಂದ ಬಂದ ಎಲ್ಲರಂತೆ ಅವನೂ ಮೇಜು ಒರೆಸುವುದರಿಂದ ಶುರುಮಾಡಿ ಗಲ್ಲಾದ ಹಿಂದೆ ಕುಳಿತವನು. ನನ್ನ ಯಜಮಾನರು ಆ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದರು. ಅವರ ಕೈ ನೋಡಿಯೇ ಅಣ್ಣ ನನ್ನನ್ನು ಅವರಿಗೆ ಕೊಟ್ಟದ್ದು, ಮುಖ ನೋಡಿ ಅಲ್ಲ. ಇದನ್ನು ನಾನು ಅವರ ಎದುರಿಗೇ ಹೇಳಿ ನಗುತ್ತಿದ್ದೆ. ಅವರೂ ನಗುತ್ತಿದ್ದರು.

ಅವರ ಮೈಸೂರುಪಾಕಿಗಾಗಿ ಬಂದರಿನ ಆಫೀಸುಗಳಿಂದ ಜನ ನಡೆದು ಬರುತ್ತಿದ್ದರು. ಗೂಡುಗೂಡಾಗಿ, ಕಚ್ಚುವ ಮೊದಲೇ ಕರಗುವಂಥದ್ದು. ಅದರ ಗುಟ್ಟೆಲ್ಲ ಪಾಕದಲ್ಲಿದೆ. ಕುದಿಯುವ ಸಕ್ಕರೆ ಪಾಕವನ್ನು ಸೌಟಿನ ಅಂಚಿನಿಂದ ಬೆರಳಿಗೆ ತೆಗೆದುಕೊಂಡು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಬಿಡಿಸಬೇಕು. ನಡುವೆ ಒಂದೆಳೆ ಎದ್ದು ನಿಲ್ಲಬೇಕು. ಎಳೆ ಏಳುವುದಕ್ಕೆ ಸ್ವಲ್ಪ ಮೊದಲು ಬೆರಳಿಗೆ ಒಂದು ಅಂಟು ಗೊತ್ತಾಗುತ್ತದಂತೆ. ಕಣ್ಣು ನೋಡುವಷ್ಟರಲ್ಲಿ ಹೊತ್ತು ಮೀರಿರುತ್ತದಂತೆ. ಆ ಎರಡು ಬೆರಳು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಏನು ಸಿಕ್ಕರೂ ಅವುಗಳ ನಡುವೆ ಹಿಡಿದು ಒತ್ತಿ ನೋಡುತ್ತಿದ್ದರು. ಅಕ್ಕಿ, ಹತ್ತಿ, ಹೊಸ ಸೀರೆಯ ಸೆರಗು. ನಮ್ಮ ಮದುವೆಯ ದಿನ ಧಾರೆ ಸೀರೆಯ ಅಂಚನ್ನೂ ಹಾಗೇ ಹಿಡಿದು ನೋಡಿ ನನ್ನ ಚಿಕ್ಕಮ್ಮಂದಿರ ಎದುರು ನಗೆಪಾಟಲಾಗಿದ್ದರು.

ಒಂದು ಬೇಸಿಗೆಯಲ್ಲಿ ಹೋಟೆಲಿನ ಎದುರಿನ ರಸ್ತೆ ಒಡೆಯಲು ಜನ ಬಂದರು. ಬಂದರಿನಿಂದ ಭಾರದ ಲಾರಿಗಳು ಓಡಾಡುವ ಬೀದಿಯಾದ್ದರಿಂದ ಅದಕ್ಕೆ ಕಾಂಕ್ರೀಟು ಹಾಕಿದ್ದರು. ಅದರಡಿಯ ನೀರಿನ ಕೊಳವೆ ಎಲ್ಲೋ ಒಡೆದಿತ್ತು. ಹಾರೆ, ಸುತ್ತಿಗೆಗೆ ಅದು ಜಗ್ಗಲಿಲ್ಲ. ಆಗ ಲಾರಿಯ ಹಿಂದೆ ಕಟ್ಟಿಕೊಂಡು ಒಂದು ಕಂಪ್ರೆಸರ್ ಗಾಡಿ ಬಂತು. ಗಾಡಿಯಿಂದ ತೋಳಿನಷ್ಟು ದಪ್ಪದ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಎರಡು ಹಿಡಿಕೆಯ ಕಬ್ಬಿಣದ ಯಂತ್ರ, ಅದರ ಬಾಯಲ್ಲಿ ಚೂಪು ಉಳಿ. ಅದನ್ನು ಬ್ರೇಕರ್ ಎನ್ನುತ್ತಿದ್ದರು. ಒಬ್ಬ ಮನುಷ್ಯ ಅದರ ಮೇಲೆ ಹೊಟ್ಟೆ ಊರಿ ನಿಂತು ಹಿಡಿಕೆ ಅದುಮಿದರೆ ಇಡೀ ಬೀದಿಯೇ ನಡುಗುತ್ತಿತ್ತು. ಮೊದಲು ಬರೀ ಬಿಳಿ ಪುಡಿ ಏಳುತ್ತಿತ್ತು, ಏನೂ ಆಗುವುದಿಲ್ಲ ಅನ್ನಿಸುತ್ತಿತ್ತು. ಆಮೇಲೆ ಎಲ್ಲಿಂದಲೋ ಒಂದು ಬಿರುಕು ಓಡಿ ಬಂದು ದೊಡ್ಡ ಹೆಂಟೆಯೊಂದು ಬಾಯ್ಬಿಟ್ಟು ಮೇಲೇಳುತ್ತಿತ್ತು.

ಹೋಟೆಲಿಗೆ ಗಿರಾಕಿ ನಿಂತುಹೋಯಿತು. ಹಾಲಿನಲ್ಲಿ ದೂಳು, ಸಾಂಬಾರಿನಲ್ಲಿ ದೂಳು. ನಮ್ಮ ಅಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅದು ನಮ್ಮ ಮನೆತನದ ಆಸ್ತಿ, ನನಗೂ ಪಾಲು ಬಂದಿದೆ. ರಸ್ತೆಯವರ ಮೇಲೆ ಕೂಗಾಡಿ ಫಲವಿಲ್ಲದ್ದರಿಂದ ಅಡುಗೆಮನೆಯವರ ಮೇಲೆ ಕೂಗಾಡಿದ. ಒಂದು ದಿನ ಮೈಸೂರುಪಾಕಿನಲ್ಲಿ ಒಂದು ಹರಳು ಸಿಕ್ಕಿತೆಂದು, ನಾಲ್ಕು ಜನ ಗಿರಾಕಿಗಳ ಎದುರು ತಟ್ಟೆಯನ್ನು ನನ್ನ ಯಜಮಾನರ ಮುಂದೆ ಕುಕ್ಕಿದ.

“ಎಂತ ಭಾವ ಇದ್? ತಿಂಬುಕೆ ಮಾಡ್ದ್ದಾ, ರಸ್ತೆಗ್ ಹಾಕುಕೆ ಮಾಡ್ದ್ದಾ?”

ಅವರು ಸೌಟನ್ನು ತೊಳೆದಿಟ್ಟು, ಹೆಗಲ ಮೇಲಿನ ವಸ್ತ್ರ ಕೊಡವಿ ಬೀದಿಗೆ ಇಳಿದರು. ಅಲ್ಲಿ ಬ್ರೇಕರ್ ಹಿಡಿಯುವವರಲ್ಲಿ ಒಬ್ಬ ಆ ವಾರವಷ್ಟೇ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಗುಂಪಿನ ಮೇಸ್ತ್ರಿ ನಮ್ಮ ಹೋಟೆಲಿನಲ್ಲೇ ಕಾಫಿ ಕುಡಿಯುತ್ತಿದ್ದವನು. ಇವರು ಕೇಳಿದಾಗ ಅವನು ತಮಾಷೆ ಅಂದುಕೊಂಡು, “ವಾಂಗೋ ಅಯ್ಯರೇ, ಪುಡಿಂಗೋ” ಎಂದು ಹಿಡಿಕೆ ಕೊಟ್ಟನಂತೆ. ಇವರು ಹಿಡಿದೇಬಿಟ್ಟರು. ಸಂಜೆ ಮನೆಗೆ ಬಂದಾಗ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿತ್ತು.

“ಹಿಟ್ಟಿನ್ ಗಿರಣಿಗ್ ಬಿದ್ರ್ಯಾ?” ಎಂದೆ.

“ಇಲ್ಲ ಮಾರಾಯ್ತಿ. ಇನ್ನ್ ಮೇಲೆ ನಿನ್ನಣ್ಣನ್ ಬಾಣಲೆ ಮುಟ್ಟೂದಿಲ್ಲ,” ಎಂದರು.

ಒಂದು ವಾರದ ಸಿಟ್ಟು ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡ. ಆದರೆ ರಸ್ತೆ ಮುಗಿದ ಮೇಲೆ ಗುಂಪು ಪಲ್ಲಾವರದ ಕಡೆಗೆ ಹೋಯಿತು. ಅಲ್ಲಿ ಯುದ್ಧದ ಕಾಲದಲ್ಲಿ ಹಾಕಿದ ಮೊಳಗಟ್ಟಲೆ ದಪ್ಪದ ಕಾಂಕ್ರೀಟನ್ನು ಒಡೆಯುವುದಿತ್ತು. ಇವರೂ ಬುತ್ತಿ ಕಟ್ಟಿಸಿಕೊಂಡು ಬೀಚ್ ಸ್ಟೇಷನ್ನಿನಿಂದ ರೈಲು ಹತ್ತಿದರು. ನಾವಿದ್ದದ್ದು ಮಣ್ಣಡಿ ಎಂಬ ಕೇರಿಯ ಒಂದು ಸ್ಟೋರಿನಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ. ಜನಿವಾರ ಹಾಕಿದವ ರಸ್ತೆ ಒಡೆಯುತ್ತಾನೆಂಬುದು ನಲ್ಲಿಯ ಹತ್ತಿರ ಎಲ್ಲರ ಬಾಯಿಗೂ ಬಿತ್ತು. ನಾನು ಕೊಡ ಕುಕ್ಕಿ, ಒಡೆದರೆ ನಿಮಗೇನು, ನಿಮ್ಮ ತಲೆ ಒಡೆದಿಲ್ಲವಲ್ಲ ಎಂದು ಕೇಳಿದ ಮೇಲೆ ಮಾತು ಪಿಸುಪಿಸಿಗೆ ಇಳಿಯಿತು. ಊರಿನಿಂದ ಬರೆಯುವ ಕಾಗದಗಳಲ್ಲಿ ಮಾವನವರು ಮಾತ್ರ ಮಗನ ಸುದ್ದಿಯನ್ನೇ ಎತ್ತುವುದನ್ನು ಬಿಟ್ಟರು.

ಮೂರು ವರ್ಷವೋ ಏನೋ ನನ್ನ ಯಜಮಾನರು ಬ್ರೇಕರ್ ಹಿಡಿದರು. ಮೊದಲು ಹೋದದ್ದು ಕಿವಿ. ನಾನು ಪಿಸುಗುಟ್ಟುವ ಹೆಂಗಸಲ್ಲವಾದ್ದರಿಂದ ಅದು ಸಂಸಾರಕ್ಕೆ ದೊಡ್ಡ ತೊಂದರೆಯಾಗಲಿಲ್ಲ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡವಾಗತೊಡಗಿತು. ಊಟಕ್ಕೆ ಕುಳಿತರೆ ಅನ್ನ ಕಲಸುವ ಕೈ ತನ್ನಷ್ಟಕ್ಕೆ ನಡುಗುತ್ತಿತ್ತು, ಯಂತ್ರ ಇನ್ನೂ ಅದರಲ್ಲೇ ಇದ್ದ ಹಾಗೆ. ಆ ಯಂತ್ರ ಉಸಿರು ಬಿಡುವಾಗ ತಣ್ಣನೆಯ ಗಾಳಿ ನೇರ ಬೆರಳಿನ ಮೇಲೆ ಬೀಳುತ್ತದೆ ಎಂದು ಅವರೇ ಹೇಳಿದ್ದರು. ಮದರಾಸಿನ ಬಿಸಿಲಿನಲ್ಲಿ ಅದೊಂದೇ ಸುಖ ಎಂದೂ ಹೇಳಿದ್ದರು.

ನನಗೆ ನಿಜವಾಗಿ ಭಯ ಹತ್ತಿದ್ದು ಮಾರ್ಗಳಿಯ, ಅಂದರೆ ಧನುರ್ಮಾಸದ, ಒಂದು ಬೆಳಿಗ್ಗೆ. ಅವರು ಸಂಧ್ಯಾವಂದನೆಗೆ ಕುಳಿತಿದ್ದರು. ಜಪದ ಲೆಕ್ಕವನ್ನು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಇಡುವುದು ಪದ್ಧತಿ. ಕಣ್ಣು ಮುಚ್ಚಿದ್ದರೂ ಹೆಬ್ಬೆರಳು ತಾನೇ ನಡೆಯುತ್ತದೆ. ನನ್ನ ಯಜಮಾನರು ಕಣ್ಣು ಮುಚ್ಚಿ ಕುಳಿತರೆ ನಾನು ಒಲೆಯ ಮೇಲೆ ಹಾಲು ಉಕ್ಕಿಸಿದರೂ ತೆರೆಯುತ್ತಿರಲಿಲ್ಲ. ಅವತ್ತು ನೋಡುತ್ತೇನೆ, ಕಣ್ಣು ಬಿಟ್ಟು ಬೆರಳನ್ನೇ ದಿಟ್ಟಿಸುತ್ತಿದ್ದಾರೆ. ಹೆಬ್ಬೆರಳು ಎಲ್ಲಿದೆ ಎಂದು ನೋಡಿಕೊಂಡು ಮುಂದಿನ ಗೆಣ್ಣಿಗೆ ಸರಿಸುತ್ತಿದ್ದಾರೆ. ಬೆರಳ ತುದಿಗಳು ಮೇಣದ ಬಣ್ಣಕ್ಕೆ ತಿರುಗಿದ್ದವು.

“ಹ್ವಾಯ್, ಬೆರಳಿಗ್ ಎಂತ ಆಯ್ತ್?” ಎಂದು ಕೇಳಿದೆ.

“ಎಂತದೂ ಇಲ್ಲ. ಜೋಮ್ ಹಿಡ್ದಿತ್ತ್,” ಎಂದರು. ಆ ಜೋಮು ಆಮೇಲೆ ಬಿಡಲೇ ಇಲ್ಲ.

ಮುಂದಿನ ದೀಪಾವಳಿಯ ಹೊತ್ತಿಗೆ ಅಣ್ಣನ ಹೋಟೆಲಿನ ಸಿಹಿತಿಂಡಿಯವ ಕೆಲಸ ಬಿಟ್ಟ. ಅಣ್ಣ ಮಲ್ಲಿಗೆ, ಬಾಳೆಹಣ್ಣು ಹಿಡಿದುಕೊಂಡು ಸ್ಟೋರಿಗೆ ಬಂದ. ತನ್ನ ಆಯುಷ್ಯದಲ್ಲಿ ಯಾರನ್ನೂ ಹಾಗೆ ಕೇಳಿಕೊಂಡವನಲ್ಲ. ಬಾಗಿಲಲ್ಲೇ ನಿಂತು, “ಭಾವ, ಆದ್ದ್ ಆಯ್ತ್. ಬಾಣಲೆ ನಿಮ್ದೇ. ಬನ್ನಿ,” ಎಂದ. ಇವರು ತಮ್ಮ ಅಂಗೈ ನೋಡಿಕೊಂಡು ಹೂಂ ಎಂದರು. ನನಗೆ ಆದ ಸಂತೋಷಕ್ಕೆ ಆ ದಿನ ಸ್ಟೋರಿನ ಎಲ್ಲರಿಗೂ ಕಾಫಿ ಕೊಟ್ಟೆ, ಪಿಸುಗುಟ್ಟಿದವರಿಗೂ ಸೇರಿಸಿ. ಕಬ್ಬಿಣದ ಹಿಡಿಕೆ ಬಿಟ್ಟರೆ ಕೈ ತಾನೇ ಸರಿಹೋಗುತ್ತದೆ ಎಂದು ಇಬ್ಬರೂ ನಂಬಿದ್ದೆವು.

ಇಲ್ಲಿ ನಮ್ಮ ಹೋಟೆಲಿನವರ ಒಂದು ಹುಚ್ಚನ್ನು ಹೇಳಬೇಕು. ನಮ್ಮವರ ಅಡುಗೆಮನೆಯಲ್ಲಿ ಬಟ್ಟೆ ಹಿಡಿದು ಪಾತ್ರೆ ಇಳಿಸುವವನಿಗೆ ಮರ್ಯಾದೆ ಇಲ್ಲ. ಕುದಿಯುವ ಸಾಂಬಾರಿನ ಹಂಡೆಯನ್ನು ಬರಿಗೈಯಲ್ಲಿ ಎತ್ತಿದವನೇ ಭಟ್ಟ. ಕೈ ಸುಟ್ಟರೂ ಮುಖ ಹಿಂಡಬಾರದು. ಹೊಸದಾಗಿ ಸೇರಿದವರು ಹಾಗೆ ಎತ್ತಲು ಹೋಗಿ ಗುಳ್ಳೆ ಎಬ್ಬಿಸಿಕೊಂಡು ಹಿತ್ತಲಲ್ಲಿ ಅಳುವುದನ್ನು ನಾನೇ ಕಂಡಿದ್ದೇನೆ. ನನ್ನ ಯಜಮಾನರು ಮರಳಿ ಬಂದ ಮೊದಲ ದಿನವೇ ಕೆಂಡದ ಮೇಲಿದ್ದ ಕಂಚಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ನಿಧಾನವಾಗಿ ನಡೆದು, ಆಚೆ ಇಟ್ಟರಂತೆ. ರಸ್ತೆ ಒಡೆದ ಕೈ, ಬೆಂಕಿಯೂ ಹೆದರುತ್ತದೆ ಎಂದು ಮಾತಾಯಿತು. ಅಣ್ಣ ಗಲ್ಲಾದಲ್ಲಿ ಕುಳಿತು ಗಿರಾಕಿಗಳಿಗೆ ಅದನ್ನು ಹೇಳಿದ್ದೇ ಹೇಳಿದ್ದು. ಆ ಕೈಗೆ ಸುಡುವುದು ಗೊತ್ತಾಗುತ್ತಲೇ ಇಲ್ಲವೇನೋ ಎಂದು ಅಷ್ಟು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅವರೆಲ್ಲ ಆಯುಷ್ಯವಿಡೀ ಅದಕ್ಕೇ ಹಂಬಲಿಸಿದವರು.

ಮನೆಗೆ ಬಂದಾಗ ನಾನು ಅವರ ಅಂಗೈಗೆ ಬೆಣ್ಣೆ ಸವರುತ್ತಿದ್ದೆ. ಉರಿಯುತ್ತದಾ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದರು. ಶೂರರ ಹಾಗೆ ಹೇಳುತ್ತಿರಲಿಲ್ಲ. ಬೇರೆ ಯಾರದೋ ಕೈ ನೋಡುತ್ತಿರುವ ಹಾಗೆ ಹೇಳುತ್ತಿದ್ದರು.

ಮೈಸೂರುಪಾಕು ಮಾತ್ರ ಸುಳ್ಳು ಹೇಳಲಿಲ್ಲ. ಮೊದಲ ದಿನದ್ದು ಗಟ್ಟಿಯಾಯಿತು. ಎರಡನೆಯ ದಿನದ್ದು ಹಲ್ಲಿಗೆ ಸವಾಲು. ಪಾಕದ ಅಂಟು ಬೆರಳಿಗೆ ಗೊತ್ತಾಗದೆ ಅವರು ಎಳೆಯನ್ನು ಕಣ್ಣಿನಿಂದ ನೋಡಿ ಬಾಣಲೆ ಇಳಿಸುತ್ತಿದ್ದರು, ಅಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಬಂದರಿನ ಆಫೀಸಿನ ಗುಮಾಸ್ತರೊಬ್ಬರು, ಇದನ್ನು ಒಡೆಯಲು ಕಂಪ್ರೆಸರ್ ಗಾಡಿ ತರಿಸಿ ಎಂದರಂತೆ. ಎಲ್ಲರೂ ನಕ್ಕರಂತೆ. ಅಣ್ಣ ಕೂಡ ನಕ್ಕ, ಬೈಯಲಿಲ್ಲ. ಮೊದಲ ಸಲ ಬೈದು ಕಳೆದುಕೊಂಡದ್ದು ಅವನಿಗೆ ನೆನಪಿತ್ತು.

ದೀಪಾವಳಿಯ ಮುನ್ನಾದಿನ ಪಾಕ ನೋಡುವಾಗ ಅವರ ತೋರುಬೆರಳು ಬಾಣಲೆಯೊಳಕ್ಕೇ ಇಳಿದಿದೆ. ಸಕ್ಕರೆ ಪಾಕ ಎಣ್ಣೆಯ ಹಾಗಲ್ಲ, ಹಿಡಿದದ್ದನ್ನು ಬಿಡುವುದಿಲ್ಲ. ಅವರು ಬೆರಳು ತೆಗೆದು ಹೆಬ್ಬೆರಳಿಗೆ ಒತ್ತಿ ಬಿಡಿಸಿದ್ದಾರೆ. ಎಳೆಯ ಜೊತೆ ತೊಗಲೂ ಬಂದಿದೆ. ಇವರು ಅದನ್ನು ನೋಡುತ್ತ, ಇನ್ನೂ ಆಗಲಿಲ್ಲ ಎಂದು ಮತ್ತೆ ಬೆರಳನ್ನು ಬಾಣಲೆಯ ಕಡೆಗೆ ಒಯ್ದರಂತೆ. ಪಕ್ಕದಲ್ಲಿ ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದವ ಕಿರುಚಿದ.

ಆ ಕಾಲದ ಮದರಾಸಿನಲ್ಲಿ ಬೆರಳು ಬಿಳಿಚಿದೆ, ಸುಟ್ಟರೂ ಗೊತ್ತಾಗುವುದಿಲ್ಲ ಎಂದರೆ ಜನರಿಗೆ ಒಂದೇ ಅರ್ಥ. ದೇವಸ್ಥಾನಗಳ ಬಾಗಿಲಲ್ಲಿ ಬಟ್ಟೆ ಸುತ್ತಿದ ಕೈ ಚಾಚಿ ಕುಳಿತವರನ್ನು ಎಲ್ಲರೂ ದಿನವೂ ನೋಡುತ್ತಿದ್ದರು. ಜರಡಿ ಹಿಡಿದವ ಅದನ್ನು ಬಾಯಿಬಿಟ್ಟು ಹೇಳಿದ: ದೊಡ್ಡ ರೋಗ. ಅವತ್ತು ಮಾಡಿದ ಅಷ್ಟೂ ಸಿಹಿಯನ್ನು ಅಣ್ಣ ಹಿತ್ತಲಿನಲ್ಲಿ ಗುಂಡಿ ತೋಡಿಸಿ ಹೂಳಿಸಿದ. ಇವರನ್ನು ಹಿಂಬಾಗಿಲಿನಿಂದ ಮನೆಗೆ ಕಳಿಸಿದ. ಹಬ್ಬದ ದಿನ ಬೆಳಿಗ್ಗೆ ಅತ್ತಿಗೆ ಕಳಿಸಿದ ತಿಂಡಿ ಬಂತು, ಪಾತ್ರೆಯಲ್ಲಿ ಅಲ್ಲ, ಎಲೆಯಲ್ಲಿ. ತಂದವನು ಅದನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ನಾನು ಅದನ್ನು ಎತ್ತಿ ಬೀದಿಯ ಹಸುವಿಗೆ ಹಾಕಿದೆ.

ಹಬ್ಬ ಕಳೆದ ಮೇಲೆ ನಾನೇ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದವರು. ಸೂಜಿಯಿಂದ ಚುಚ್ಚಿದರು, ಹತ್ತಿಯಿಂದ ಸವರಿದರು, ಬೆನ್ನು ಕಿವಿಯನ್ನೆಲ್ಲ ದೀಪ ಹಿಡಿದು ನೋಡಿದರು. ಆಮೇಲೆ ಏನು ಕೆಲಸ ಎಂದು ಕೇಳಿದರು. ಅಡುಗೆ ಎಂದರು ಇವರು. ನಾನು ಮಧ್ಯೆ ಬಾಯಿ ಹಾಕಿ ಕಂಪ್ರೆಸರಿನ ವಿಷಯ ಹೇಳಿದೆ. ಡಾಕ್ಟರು ಕನ್ನಡಕ ತೆಗೆದಿಟ್ಟರು. ಅದು ಕುಷ್ಠರೋಗವಲ್ಲವೇ ಅಲ್ಲ, ಯಾರಿಗೂ ಅಂಟುವುದಿಲ್ಲ, ಕಲ್ಲುಕ್ವಾರಿಯಲ್ಲಿ ಯಂತ್ರ ಹಿಡಿದವರಲ್ಲಿ ನೋಡಿದ್ದೇನೆ, ನಡುಕಕ್ಕೆ ಬೆರಳಿನ ನರ ಸತ್ತಿದೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಮದ್ದು ಏನು ಎಂದೆ. ಮದ್ದಿಲ್ಲ ಎಂದರು. ಆ ಯಂತ್ರವನ್ನು ಇನ್ನು ಮುಟ್ಟಬೇಡಿ, ಇರುವಷ್ಟಾದರೂ ಉಳಿಯಲಿ ಎಂದರು.

ನನಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. ಆಸ್ಪತ್ರೆಯಿಂದ ನೇರ ಹೋಟೆಲಿಗೆ ಹೋಗಿ, ಗಲ್ಲಾದ ಎದುರು ನಿಂತು, ಅಣ್ಣನಿಗೆ ಎಲ್ಲ ಹೇಳಿದೆ. ಅವನು ಕೇಳಿದ. ಅವನ ಕಣ್ಣಲ್ಲಿ ನೀರು ಬಂತು, ಅದು ಸುಳ್ಳಲ್ಲ.

“ನಾನ್ ನಂಬ್ತೆ ತಂಗಿ. ಡಾಕ್ಟ್ರ್ ಹೇಳ್ರೆ ನಿಜವೇ. ಆರೆ ಕಸ್ಟಮರ್ ನಂಬ್ತ್ರಾ? ಮೈಸೂರುಪಾಕ್ ತಿಂಬತಿಗೆ ಅವ್ರಿಗ್ ಆ ಬೆರಳ್ ನೆನಪಾತ್ತ್. ಆಯ್ತಾ?”

“ಕೈಯಂಗ್ ಹಂಡೆ ಎತ್ತತಿಗೆ ಊರಿಡೀ ಹೇಳ್ದೆ ಅಲ್ದಾ? ಇದನ್ನೂ ಹೇಳ್!” ಎಂದೆ.

ಅವನು ತಲೆ ತಗ್ಗಿಸಿದ. ಅಡುಗೆಯವರೆಲ್ಲ ಒಟ್ಟಿಗೆ ಕೆಲಸ ಬಿಡುತ್ತೇವೆಂದು ಹೇಳಿದ್ದಾರೆ ಎಂದ. ನಾನು ಆಡಬಾರದ್ದನ್ನೆಲ್ಲ ಆಡಿ ಮೆಟ್ಟಿಲಿಳಿದೆ. ಆ ಮಾತುಗಳಲ್ಲಿ ಒಂದನ್ನೂ ನಾನು ಇವತ್ತಿಗೂ ಹಿಂದೆ ತೆಗೆದುಕೊಂಡಿಲ್ಲ.

ಮದರಾಸಿನಲ್ಲಿ ನಮ್ಮ ಕಡೆಯ ಹೋಟೆಲಿನವರೆಲ್ಲ ಒಬ್ಬರಿಗೊಬ್ಬರು ನೆಂಟರು. ಸುದ್ದಿ ತಿರುವಲ್ಲಿಕೇಣಿಗೆ, ಮೈಲಾಪುರಕ್ಕೆ ನಮಗಿಂತ ಮೊದಲೇ ಹೋಗಿ ಕುಳಿತಿತ್ತು. ಎಲ್ಲರೂ ಮರ್ಯಾದೆಯಿಂದಲೇ ಇಲ್ಲ ಎಂದರು. ಒಬ್ಬರು ಮಾತ್ರ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿದರು. ಊರಿಗೆ ಹೋಗೋಣವೆಂದರೆ ಅಲ್ಲಿಗೂ ಅದು ತಲುಪಿತ್ತು. ಕೊನೆಗೆ ಒಂದು ಬೆಳಿಗ್ಗೆ ಇವರು ಬುತ್ತಿ ಕಟ್ಟು ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಗೊತ್ತಾಗಿತ್ತು. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಬಾಗಿಲಿಗೆ ಅಡ್ಡ ನಿಂತು ಅತ್ತುಬಿಟ್ಟೆ.

“ಅಲ್ಲ್ ಯಾರೂ ಕೈ ಕಾಂತಿಲ್ಲ,” ಎಂದರು ಅವರು.

ಕೈ ನೋಡುವವರು ಅಲ್ಲಿರಲಿಲ್ಲ, ಅದು ನಿಜ. ಬುತ್ತಿ ಕೊಡಲು ಹೋದಾಗ ನಾನೇ ನೋಡಿದ್ದೇನೆ. ಅಲ್ಲಿ ಹಳೆಯ ಕೆಲಸದವರಲ್ಲಿ ಯಾರ ಬೆರಳೂ ಸರಿಯಿರಲಿಲ್ಲ, ಹಾಗಾಗಿ ಯಾರೂ ಯಾರನ್ನು ನೋಡಿಯೂ ಹೆದರುತ್ತಿರಲಿಲ್ಲ. ಬೀಡಿ ಹಚ್ಚಿದವ ಇನ್ನೊಬ್ಬನ ಬೆರಳಿನ ಸಂದಿಯಲ್ಲಿ ಅದನ್ನು ಸಿಕ್ಕಿಸುತ್ತಿದ್ದ. ಒಬ್ಬ ನನ್ನ ಯಜಮಾನರ ಅಂಗಿಯ ಗುಂಡಿ ಹಾಕುತ್ತಿದ್ದ. ಯಂತ್ರಕ್ಕೆ ಬೇಕಾದದ್ದು ಮೈಭಾರ ಮಾತ್ರ. ಅದರ ಮೇಲೆ ಒರಗಿ ನಿಂತರೆ ಸಾಕು.

ಕೆಲವು ವರ್ಷದ ಮೇಲೆ ಅಣ್ಣನ ಹೋಟೆಲಿನ ಎದುರಿನ ಕೊಳವೆ ಮತ್ತೆ ಒಡೆಯಿತು. ಇವರದೇ ಗುಂಪನ್ನು ಕಳಿಸಿದರು. ಬೇಡ ಎನ್ನಬಹುದಿತ್ತು, ಇವರು ಅನ್ನಲಿಲ್ಲ. ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಹೋದಾಗ ಅಣ್ಣ ಬೀದಿಗಿಳಿದು, ಹಾಲಿಗೆಲ್ಲ ದೂಳು ಎಂದು ತಮಿಳಿನಲ್ಲಿ ಕೂಗಾಡುತ್ತಿದ್ದ. ಅವನ ಎದುರು ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬೆಳ್ಳಗಾದ ಮನುಷ್ಯನೊಬ್ಬ ಬೆನ್ನು ತಿರುಗಿಸಿ ಯಂತ್ರದ ಮೇಲೆ ಒರಗಿದ್ದ. ಕೂಗಿದ್ದು ಅವರಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ. ಅಣ್ಣ ಹೋಗಿ ಹೆಗಲು ಹಿಡಿದು ಎಳೆದ. ಅವರು ಹಿಡಿಕೆ ಬಿಟ್ಟು ತಿರುಗಿದರು, ಮುಖದ ಬಟ್ಟೆ ಕೆಳಗೆ ಜಾರಿತು. ಅಣ್ಣನ ಬಾಯಿ ಹಾಗೇ ತೆರೆದುಕೊಂಡಿತು. ಕೈ ಹಿಂದೆ ತೆಗೆದ. ಒಳಗೆ ಹೋದ.

ಊಟದ ಹೊತ್ತಿಗೆ ಕಂಪ್ರೆಸರ್ ನಿಲ್ಲಿಸಿದರು. ಕಿತ್ತೆತ್ತಿದ ಹೆಂಟೆಗಳ ಮೇಲೆ ನಾವಿಬ್ಬರೂ ಕುಳಿತೆವು. ಹೋಟೆಲಿನಿಂದ ಒಬ್ಬ ಎಲೆಯಲ್ಲಿ ಸುತ್ತಿದ ಮೈಸೂರುಪಾಕಿನ ಎರಡು ತುಂಡನ್ನು ತಂದ. ನನ್ನ ಕೈಗೂ ಕೊಡಲಿಲ್ಲ, ಅವರ ಕೈಗೂ ಕೊಡಲಿಲ್ಲ, ಹೆಂಟೆಯ ಮೇಲಿಟ್ಟು ಹೋದ. ನಾನು ಅದನ್ನು ಎತ್ತಿ ಗುಂಡಿಗೆ ಎಸೆಯಲು ಕೈ ಚಾಚಿದೆ. ಅಷ್ಟರಲ್ಲಿ ಅವರು ಒಂದು ತುಂಡು ಎತ್ತಿಕೊಂಡಿದ್ದರು. ಹಳೆಯ ಅಭ್ಯಾಸದಂತೆ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರು. ಇನ್ನೊಮ್ಮೆ ಒತ್ತಿದರು. ಆಮೇಲೆ ಅದನ್ನು ನನ್ನ ಕಡೆ ಹಿಡಿದರು.

“ನೀ ಒತ್ತಿ ಕಾಣ್. ಮೆತ್ತಗ್ ಇತ್ತಾ?”

ಒತ್ತಿ ನೋಡಿದೆ. ಬೆರಳು ತಾಗುತ್ತಿದ್ದ ಹಾಗೆ ಗೂಡುಗೂಡಾಗಿ ಉದುರಿತು. ಅಷ್ಟು ಒಳ್ಳೆಯ ಮೈಸೂರುಪಾಕು ಇವರು ಬಿಟ್ಟ ಮೇಲೆ ಆ ಹೋಟೆಲಿನಲ್ಲಿ ಯಾರೂ ಮಾಡಿರಲಾರರು. ಬಹುಶಃ ಇವರಿಗಿಂತ ಒಂದು ಕೈ ಮೇಲೇ ಇತ್ತು.

ಅವರಿಗೆ ಕೇಳಿಸಬೇಕಲ್ಲ, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಗಲ್ಲಾದಲ್ಲಿ ಕುಳಿತವನಿಗೂ ಕೇಳಿಸಲಿ ಎಂದೇ ಕೂಗಿದೆ.

“ಕಲ್ಲ್! ಪಾಕ ಹೋಯ್ತ್!”

ಅವರು ತುಂಡನ್ನು ಬಾಯಿಗೆ ಹಾಕಿಕೊಂಡರು. ಯಂತ್ರ ಅವರ ನಾಲಗೆಯನ್ನು ಮುಟ್ಟಿರಲಿಲ್ಲ. ಅಗಿಯಲಿಲ್ಲ, ಅಗಿಯುವ ಅಗತ್ಯವೂ ಇರಲಿಲ್ಲ, ಅದು ಬಾಯಲ್ಲಿ ಕರಗುತ್ತಿದ್ದದ್ದು ನನಗೆ ಅವರ ದವಡೆ ನೋಡಿಯೇ ಗೊತ್ತಾಗುತ್ತಿತ್ತು. ಬಹಳ ಹೊತ್ತು ಹೋಟೆಲಿನ ಬಾಗಿಲ ಕಡೆ ನೋಡುತ್ತ ಕುಳಿತಿದ್ದರು.

“ಹೌದ್,” ಎಂದರು ಕೊನೆಗೆ. “ಸ್ವಲ್ಪ ಗಟ್ಟಿ ಆಯ್ತ್.”

ಇನ್ನೊಂದು ತುಂಡನ್ನು ನನಗೆ ಕೊಟ್ಟು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಎದ್ದರು. ಕಂಪ್ರೆಸರ್ ಶುರುವಾಯಿತು.